ನಿವೃತ್ತಿಯ ಮೇಲೆ ವಾರಗಳ ಹೆಸರೇ ಅಳಿಸಿಹೋಗಿವೆ. ಅಷ್ಟಕ್ಕೂ ವಾರವೆಂಬುದು ಎಲ್ಲಿಂದ ಬಂತು?

ನಿವೃತ್ತ ಲೆಕ್ಕಿಗ

ನಾನು ಕೆಲಸಕ್ಕೆ ಸೇರಿದ್ದು 1983ರ ಆಗಸ್ಟ್ 1, ಸೋಮವಾರ. ನಿವೃತ್ತನಾದದ್ದು 2021ರ ಜುಲೈ 31, ಶನಿವಾರ. ನಿವೃತ್ತಿಯ ಮೊದಲ ದಿನ ಭಾನುವಾರವಾಗಿದ್ದುದರಿಂದ ಏನೋ ಬದಲಾಗಿದೆಯೆಂದು ನನಗೆ ಅನ್ನಿಸಲೇ ಇಲ್ಲ. ಮರುದಿನ ಎಂದಿನ ಹೊತ್ತಿಗೆ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೈಗಡಿಯಾರ ಕಟ್ಟಿಕೊಳ್ಳುತ್ತಿರುವಾಗ ನನ್ನ ಹೆಂಡತಿ “ಎಲ್ಲಿಗೆ ಹೊರಟಿರಿ?” ಎಂದಳು. ಉತ್ತರ ಹೊಳೆಯದೆ ಕುರ್ಚಿಯ ಮೇಲೆ ಕುಳಿತುಬಿಟ್ಟೆ. ನನ್ನ ನಿಜವಾದ ನಿವೃತ್ತಿ ಆರಂಭವಾದದ್ದು ಆ ಸೋಮವಾರ.

ಅಲ್ಲಿಂದ ಮುಂದೆ ಒಂದೊಂದೇ ವಾರದ ಹೆಸರು ಅಳಿಸುತ್ತ ಬಂತು. ಮೊದಲು ಹೋದದ್ದು ಬುಧವಾರ. ಅದಕ್ಕೆ ಮೊದಲೂ ಅಂಥ ವಿಶೇಷವೇನೂ ಇರಲಿಲ್ಲ. ಕೊನೆಗೆ ಭಾನುವಾರವೂ ಹೋಯಿತು. ಬಿಡುವು ಎಲ್ಲ ದಿನಗಳಿಗೂ ಹಂಚಿಹೋದ ಮೇಲೆ ಭಾನುವಾರಕ್ಕೆ ಉಳಿಯುವುದಾದರೂ ಏನು? ಈಗ ದಿನಪತ್ರಿಕೆಯ ಮೇಲ್ತುದಿಯನ್ನು ನೋಡಿದರೆ ಮಾತ್ರ ಇವತ್ತು ಯಾವ ವಾರವೆಂದು ತಿಳಿಯುತ್ತದೆ.

ಹೀಗಿರುವಾಗ ಒಂದು ಪ್ರಶ್ನೆ ತಲೆಯನ್ನು ಕೊರೆಯತೊಡಗಿದೆ. ಹಗಲಿರುಳಿಗೆ ಭೂಮಿಯ ತಿರುಗುವಿಕೆ ಹೊಣೆ, ತಿಂಗಳಿಗೆ ಚಂದ್ರ ಹೊಣೆ, ವರ್ಷಕ್ಕೆ ಸೂರ್ಯನ ಸುತ್ತಲಿನ ಪ್ರದಕ್ಷಿಣೆ ಹೊಣೆ. ವಾರಕ್ಕೆ ಯಾರು ಹೊಣೆ? ಆಕಾಶದಲ್ಲಿ ಏಳು ದಿನಕ್ಕೊಮ್ಮೆ ನಡೆಯುವ ಘಟನೆ ಒಂದೂ ಇಲ್ಲ. ಮೂವತ್ತೆಂಟು ವರ್ಷ ವಾರಕ್ಕೆ ಹೆದರಿ ಬದುಕಿದವನು ನಾನು; ಅದರ ಮೂಲವನ್ನು ಈಗಲಾದರೂ ತಿಳಿಯುವ ಆಸೆ. ಬಲ್ಲವರು ಹೇಳಬೇಕು.

ಭೌತಶಾಸ್ತ್ರದ ಮೇಷ್ಟ್ರು

ಲೆಕ್ಕಿಗರೇ, ನಿಮಗೆ ಲೆಕ್ಕದ ಮೂಲಕವೇ ಹೇಳುತ್ತೇನೆ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

ಏಳು ದಿನಗಳನ್ನು ಒಟ್ಟಾಗಿ ಎಣಿಸುವ ರೂಢಿ ಬಹಳ ಹಳೆಯದು. ಆದರೆ ಶನಿಯ ಮರುದಿನ ರವಿ, ರವಿಯ ಮರುದಿನ ಸೋಮ ಎಂಬ ಈ ವಿಚಿತ್ರ ಕ್ರಮಕ್ಕೆ ಕಾರಣ ಬೇರೆಯೇ ಇದೆ. ದೂರದರ್ಶಕವಿಲ್ಲದ ಕಾಲದಲ್ಲಿ ನಕ್ಷತ್ರಗಳ ನಡುವೆ ಚಲಿಸುವಂತೆ ಕಾಣುತ್ತಿದ್ದ ಕಾಯಗಳು ಏಳು. ಅವುಗಳನ್ನು ನಿಧಾನಗತಿಯಿಂದ ವೇಗಗತಿಯ ಕಡೆಗೆ ಸಾಲಾಗಿ ಬರೆಯಿರಿ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ಶನಿ ಒಂದು ಸುತ್ತು ಮುಗಿಸಲು ಸುಮಾರು 29½ ವರ್ಷ ತೆಗೆದುಕೊಂಡರೆ ಚಂದ್ರನಿಗೆ 27⅓ ದಿನ ಸಾಕು.

ಇನ್ನು ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಒಂದೊಂದಕ್ಕೂ ಈ ಸಾಲಿನ ಒಂದೊಂದು ಕಾಯವನ್ನು ಅಧಿಪತಿಯಾಗಿ ನೇಮಿಸುತ್ತ ಹೋಗಿ. ದಿನದ ಮೊದಲ ಗಂಟೆಯ ಅಧಿಪತಿ ಯಾರೋ ಅವರ ಹೆಸರೇ ಆ ದಿನಕ್ಕೆ. ಮೊದಲ ಗಂಟೆ ಶನಿಯದಾದರೆ 8, 15 ಮತ್ತು 22ನೆಯ ಗಂಟೆಗಳೂ ಶನಿಗೇ ಸೇರುತ್ತವೆ. 23 ಗುರುವಿಗೆ, 24 ಮಂಗಳನಿಗೆ. ಮರುದಿನದ ಮೊದಲ ಗಂಟೆ ರವಿಯ ಪಾಲಾಗುತ್ತದೆ. ಹಾಗಾಗಿ ಶನಿವಾರದ ನಂತರ ರವಿವಾರ. ರವಿಯಿಂದ ಹೊರಟು ಇದೇ ರೀತಿ ಎಣಿಸಿದರೆ ಮರುದಿನ ಚಂದ್ರನಿಗೆ ಬರುತ್ತದೆ. 24ನ್ನು 7ರಿಂದ ಭಾಗಿಸಿದರೆ 3 ಉಳಿಯುತ್ತದೆ. ವಾರಗಳ ಕ್ರಮದ ಗುಟ್ಟು ಆ ಶೇಷದಲ್ಲಿದೆ.

ನಿವೃತ್ತ ಲೆಕ್ಕಿಗ

ಮೇಷ್ಟ್ರೇ, ಏಳೂ ದಿನಗಳನ್ನು ಬರೆದು ತಾಳೆ ನೋಡಿದೆ, ಒಂದೂ ತಪ್ಪಲಿಲ್ಲ. ಇಷ್ಟು ದಿನ ವಾರಗಳ ಹೆಸರನ್ನು ಬಾಯಿಪಾಠದ ಪಟ್ಟಿಯೆಂದು ತಿಳಿದಿದ್ದೆ. ಶೇಷ 3ರಿಂದ ಹುಟ್ಟಿದ್ದೆಂದು ಗೊತ್ತಾದ ಮೇಲೆ ಬುಧವಾರದ ಮೇಲೂ ಗೌರವ ಬಂದಿದೆ.

ಕನ್ನಡ ಪಂಡಿತ

ಮೇಷ್ಟ್ರು ಹೇಳಿದ ಗಂಟೆಯ ಅಧಿಪತಿಯನ್ನು ಪಂಚಾಂಗದಲ್ಲಿ ‘ಹೋರೆ’ಯ ಅಧಿಪತಿ ಎನ್ನುತ್ತಾರೆ. ‘ಹೋರಾ’ ಎಂಬುದು ಗ್ರೀಕಿನಿಂದ ಸಂಸ್ಕೃತಕ್ಕೆ ಬಂದ ಶಬ್ದ. ಇಂಗ್ಲಿಷಿನವರು ಗಂಟೆಗೆ ಹೇಳುವ ‘ಅವರ್’ ಕೂಡ ಅದೇ ಬೇರಿನದು. ‘ವಾರ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಸರದಿ ಎಂಬ ಅರ್ಥವಿದೆ. ಸೋಮವಾರವೆಂದರೆ ಸೋಮನ ಸರದಿ. ಲೆಕ್ಕಿಗರ ಸರದಿ ಮುಗಿದಿದೆ, ಸೋಮನದು ಇನ್ನೂ ನಡೆದಿದೆ, ವ್ಯತ್ಯಾಸ ಇಷ್ಟೇ.

ಶಬ್ದದ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ನಾವು ‘ಹೊತ್ತು ಹೋಗುವುದಿಲ್ಲ’ ಎನ್ನುತ್ತೇವೆ, ‘ಹೊತ್ತು ಮುಳುಗಿತು’ ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ಹೊತ್ತು ಎಂದರೆ ಕಾಲ, ಎರಡನೆಯದರಲ್ಲಿ ಸೂರ್ಯ. ಕಾಲಕ್ಕೂ ಸೂರ್ಯನಿಗೂ ಒಂದೇ ಶಬ್ದವಿಟ್ಟುಕೊಂಡ ಭಾಷೆಯವರು ನಾವು. ‘ಗಳಿಗೆ’ ಬಂದದ್ದು ‘ಘಟಿಕಾ’ ಎಂಬುದರಿಂದ, ಅಂದರೆ ಸಣ್ಣ ಗಡಿಗೆಯಿಂದ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟು ಕಾಲವೇ ಒಂದು ಗಳಿಗೆ, ಇಂದಿನ ಲೆಕ್ಕದಲ್ಲಿ 24 ನಿಮಿಷ. ದಿನಕ್ಕೆ ಇಂಥ ಗಳಿಗೆಗಳು ಅರವತ್ತು.

ಸಂಶಯಾತ್ಮ

ವಾರಕ್ಕೆ ಆಕಾಶದ ಆಧಾರವಿಲ್ಲವೆಂದು ಲೆಕ್ಕಿಗರು ಹೇಳಿದ್ದು ಸರಿ. ಆ ಕಾರಣದಿಂದಲೇ ಅದನ್ನು ಬದಲಿಸುವುದು ಸುಲಭವೆಂದು ಎರಡು ಸರ್ಕಾರಗಳು ತಿಳಿದಿದ್ದವು, ಎರಡೂ ಸೋತವು.

ಕ್ರಾಂತಿಯ ಕಾಲದ ಫ್ರಾನ್ಸಿನಲ್ಲಿ 1793ರಲ್ಲಿ ಹತ್ತು ದಿನಗಳ ವಾರವನ್ನು ತಂದರು. ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ, ನಿಮಿಷಕ್ಕೆ ನೂರು ಸೆಕೆಂಡು ಎಂದೂ ನಿಯಮ ಮಾಡಿದರು. ಗಂಟೆಯ ಪ್ರಯೋಗ 1795ರಲ್ಲಿಯೇ ನಿಂತಿತು. ಪಂಚಾಂಗ ಮಾತ್ರ 1805ರ ಕೊನೆಯವರೆಗೆ ಕುಂಟಿಕೊಂಡು ನಡೆಯಿತು. ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸುತ್ತಿದ್ದವನಿಗೆ ಒಂಬತ್ತು ದಿನ ದುಡಿದು ಹತ್ತನೆಯ ದಿನ ವಿಶ್ರಮಿಸು ಎಂದರೆ ದಶಮಾಂಶದ ಸೊಬಗು ಕಣ್ಣಿಗೆ ಬೀಳುವುದಾದರೂ ಹೇಗೆ?

ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನಗಳ ವಾರವನ್ನು ತಂದಿತು. ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು ಕೆಲಸಗಾರರನ್ನು ಐದು ಗುಂಪು ಮಾಡಿ, ಒಂದೊಂದು ಗುಂಪಿಗೂ ಬೇರೆ ಬೇರೆ ದಿನ ರಜೆ ಕೊಟ್ಟರು. ಗಂಡನಿಗೆ ಒಂದು ದಿನ, ಹೆಂಡತಿಗೆ ಇನ್ನೊಂದು ದಿನ, ಗೆಳೆಯನಿಗೆ ಮತ್ತೊಂದು ದಿನ. ರಜೆಯಿದ್ದರೂ ಜೊತೆಗೆ ಕೂರಲು ಯಾರೂ ಇಲ್ಲದಂತಾಯಿತು. 1931ರಲ್ಲಿ ಎಲ್ಲರಿಗೂ ಒಂದೇ ದಿನ ರಜೆಯಿರುವ ಆರು ದಿನಗಳ ವಾರ ಬಂತು. 1940ರಲ್ಲಿ ಹಳೆಯ ಏಳು ದಿನಗಳೇ ಮರಳಿದವು.

ತಾರೀಖನ್ನು ತಿದ್ದಿದವರು ಕೂಡ ವಾರವನ್ನು ಮುಟ್ಟಲಿಲ್ಲ. ನಾವು ಈಗ ಬಳಸುವ ಗ್ರೆಗರಿಯ ಪಂಚಾಂಗವನ್ನು ಮೊದಲು ಒಪ್ಪಿದ ಸ್ಪೇನ್, ಪೋರ್ಚುಗಲ್ ಮೊದಲಾದ ಕಡೆ 1582ರ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಬಂತು. ಆದರೆ ಗುರುವಾರದ ಮರುದಿನ ಶುಕ್ರವಾರವೇ ಬಂತು. ಬ್ರಿಟನ್ನಿನಲ್ಲಿ 1752ರ ಸೆಪ್ಟೆಂಬರ್ 2ರ ಬುಧವಾರದ ಮರುದಿನ ಸೆಪ್ಟೆಂಬರ್ 14ರ ಗುರುವಾರ. ಆಗ ಜನ “ನಮ್ಮ ಹನ್ನೊಂದು ದಿನಗಳನ್ನು ಹಿಂದಕ್ಕೆ ಕೊಡಿ” ಎಂದು ದಂಗೆಯೆದ್ದರೆಂಬ ಕಥೆಯನ್ನು ಯಾರಾದರೂ ಇಲ್ಲಿ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅಂಥ ದಂಗೆ ನಡೆದುದಕ್ಕೆ ಆ ಕಾಲದ ದಾಖಲೆಯಿಲ್ಲ. ಮೂರು ವರ್ಷಗಳ ನಂತರ ಚಿತ್ರಕಾರ ಹೋಗಾರ್ತ್ ಚುನಾವಣೆಯ ಅಣಕಚಿತ್ರವೊಂದರಲ್ಲಿ ಆ ಘೋಷಣೆಯ ಫಲಕವನ್ನು ಬರೆದ. ಕಥೆ ಬೆಳೆದದ್ದು ಅಲ್ಲಿಂದ.

ದೂರದೂರಿನ ಮಗಳು

ನಾನು ನಿವೃತ್ತಳಲ್ಲ, ಅಪ್ಪ ನಿವೃತ್ತರಾಗಿ ಎಂಟು ವರ್ಷವಾಯಿತು. ಹಿರಿಯರ ಮಾತುಗಳನ್ನು ಓದುತ್ತ ನಗುತ್ತಿದ್ದೆನಾದರೂ ಲೆಕ್ಕಿಗರ ಮೊದಲ ಬರಹ ನನ್ನನ್ನು ತಡೆದು ನಿಲ್ಲಿಸಿತು. ಪ್ರತಿ ಸಂಜೆ ಫೋನ್ ಮಾಡಿದಾಗ ಅಪ್ಪ ಕೇಳುವ ಮೊದಲ ಪ್ರಶ್ನೆ, “ಇವತ್ತು ಯಾವ ವಾರ?” ಎಂದು. ಮೊದಮೊದಲು ತಮಾಷೆಯೆನ್ನಿಸುತ್ತಿತ್ತು. ಮರೆವಿನ ಕಾಯಿಲೆಯ ಪರೀಕ್ಷೆಯಲ್ಲಿ ವೈದ್ಯರು ಕೇಳುವುದೂ ಇದನ್ನೇ ಎಂದು ಎಲ್ಲೋ ಓದಿದ ಮೇಲೆ ಆ ಪ್ರಶ್ನೆ ಬಂದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ನಾನು ಹೆದರಬೇಕೇ?

ರಾತ್ರಿ ಪಾಳಿ

ಮಗಳೇ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು ನಾನು. ಅದರಲ್ಲಿ ಹೆಚ್ಚಿನದು ರಾತ್ರಿ ಪಾಳಿ. ಸ್ಮೃತಿಪರೀಕ್ಷೆಯಲ್ಲಿ ವರ್ಷ, ಋತು, ತಿಂಗಳು, ತಾರೀಖು, ವಾರ ಎಲ್ಲವನ್ನೂ ಕೇಳುವುದು ನಿಜ. ಆದರೆ ವಾರವನ್ನು ಒಮ್ಮೊಮ್ಮೆ ಮರೆತು ಸ್ವಲ್ಪ ಹೊತ್ತಿನ ಮೇಲೆ ತಾವೇ ನೆನಪಿಸಿಕೊಳ್ಳುವುದು ವಯಸ್ಸಾದವರಲ್ಲಿ ಸಹಜ. ದಿನಚರಿಯ ಗೂಟವೇ ಇಲ್ಲದವರಿಗೆ ವಾರ ಜಾರಿಹೋಗುವುದರಲ್ಲಿ ಆಶ್ಚರ್ಯವಿಲ್ಲ. ದೀರ್ಘ ರಜೆಯಲ್ಲಿ ಮಕ್ಕಳಿಗೂ ಹೀಗಾಗುತ್ತದೆ. ನೀವು ಹೇಳಿದ ಉತ್ತರವನ್ನು ಅದೇ ಮಾತುಕತೆಯಲ್ಲಿ ಮತ್ತೆ ಕೇಳುತ್ತಾರೆಯೇ, ವರ್ಷವನ್ನೋ ಋತುವನ್ನೋ ತಪ್ಪಿ ಹೇಳುತ್ತಾರೆಯೇ, ಪರಿಚಿತ ದಾರಿಯಲ್ಲಿ ಗೊಂದಲಗೊಳ್ಳುತ್ತಾರೆಯೇ, ಹಣಕಾಸಿನ ಲೆಕ್ಕದಲ್ಲಿ ಹಿಂದಿಲ್ಲದ ತೊಡಕು ಕಾಣುತ್ತಿದೆಯೇ ಎಂಬುದನ್ನು ಗಮನಿಸಿ. ಇವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಲ್ಲದಿದ್ದರೆ, ನಿಮ್ಮೊಡನೆ ಮಾತು ಆರಂಭಿಸಲು ಅವರಿಗೆ ಸಿಕ್ಕಿರುವ ಪ್ರಶ್ನೆ ಅದೇ ಇರಬಹುದು.

ನನ್ನ ಕಷ್ಟ ಬೇರೆ. ಯಾವ ವಾರವೆಂದು ಗೊತ್ತಿರುತ್ತದೆ. ಯಾವ ಹೊತ್ತೆಂಬುದೇ ದೇಹಕ್ಕೆ ಗೊತ್ತಾಗುವುದಿಲ್ಲ. ಮಿದುಳಿನ ಬುಡದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಸಣ್ಣ ಗಂಟೊಂದು ದೇಹದ ಗಡಿಯಾರವನ್ನು ನಡೆಸುತ್ತದೆ. ಬೆಳಕು ಕಂಡಾಗ ಅದು ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ವಯಸ್ಸಾದಂತೆ ಈ ಗಡಿಯಾರ ಮುಂದಕ್ಕೆ ಸರಿಯುವುದರಿಂದ ಬೇಗ ನಿದ್ದೆ, ಬೇಗ ಎಚ್ಚರ. ಜೊತೆಗೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕು ಒಳಗೆ ಹೋಗುವುದೂ ಕಡಿಮೆಯಾಗುತ್ತದೆ. ಇಂಥ ಒಳಗಡಿಯಾರವಿದೆಯೆಂದು ಮೊದಲು ಸುಳಿವು ಕೊಟ್ಟದ್ದು ಒಂದು ಗಿಡ. 1729ರಲ್ಲಿ ದ ಮೆರಾನ್ ಎಂಬ ಫ್ರೆಂಚ್ ವಿಜ್ಞಾನಿ ಮುಟ್ಟಿದರೆ ಮುನಿಯ ಜಾತಿಯ ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದರು. ಸೂರ್ಯನೇ ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿಯ ಹೊತ್ತಿಗೆ ಮಡಚಿತು.

ನಿವೃತ್ತ ಲೆಕ್ಕಿಗ

ಸಿಸ್ಟರ್ ಅವರ ಉತ್ತರವನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಆಕೆಗೂ ಒಳಗೊಳಗೇ ಅದೇ ಅನುಮಾನವಿತ್ತೆಂದು ಈಗ ತಿಳಿಯಿತು.

ಆ ಮಗಳ ತಂದೆಯವರಿಗೆ ಒಂದು ಉಪಾಯವನ್ನು ತಲುಪಿಸಬೇಕೆಂದಿದ್ದೇನೆ. ಗಣಿತಜ್ಞ ಜಾನ್ ಕಾನ್ವೆ 1973ರಲ್ಲಿ ರೂಪಿಸಿದ ವಿಧಾನ ಇದು. ಯಾವುದೇ ವರ್ಷದಲ್ಲಿ ನಾಲ್ಕನೆಯ ತಿಂಗಳ 4, ಆರನೆಯದರ 6, ಎಂಟನೆಯದರ 8, ಹತ್ತನೆಯದರ 10, ಹನ್ನೆರಡನೆಯದರ 12, ಇಷ್ಟೂ ಒಂದೇ ವಾರದಲ್ಲಿ ಬರುತ್ತವೆ. ಏಕೆಂದರೆ ಏಪ್ರಿಲ್ 4ರಿಂದ ಜೂನ್ 6ಕ್ಕೆ 63 ದಿನ, ಅಂದರೆ ಸರಿಯಾಗಿ ಒಂಬತ್ತು ವಾರ. ಮುಂದಿನವುಗಳ ನಡುವೆಯೂ ಅಷ್ಟೇ ಅಂತರ. ಮೇ 9 ಮತ್ತು ಸೆಪ್ಟೆಂಬರ್ 5, ಜುಲೈ 11 ಮತ್ತು ನವೆಂಬರ್ 7, ಫೆಬ್ರವರಿಯ ಕೊನೆಯ ದಿನ, ಇವೂ ಅದೇ ವಾರಕ್ಕೆ ಸೇರುತ್ತವೆ. ವರ್ಷದ ಆ ಒಂದು ವಾರವನ್ನು ನೆನಪಿಟ್ಟುಕೊಂಡರೆ ಉಳಿದ ತಾರೀಖುಗಳನ್ನು ಬೆರಳಿನ ಮೇಲೆ ಎಣಿಸಬಹುದು. 2026ಕ್ಕೆ ಅದು ಶನಿವಾರ. ಮುಂದಿನ ವರ್ಷಕ್ಕೆ ಒಂದು ದಿನ ಮುಂದೆ ಹೋಗಬೇಕು. ಅಧಿಕ ವರ್ಷವಾದರೆ ಎರಡು.

ಇದನ್ನು ಕಲಿತ ಮೇಲೆ ನನ್ನ ಬೆಳಗಿನ ಹೊತ್ತುಗಳು ಚೆನ್ನಾಗಿ ಕಳೆಯುತ್ತಿವೆ. ನಾನೂರು ವರ್ಷಗಳಲ್ಲಿ 97 ಅಧಿಕ ವರ್ಷಗಳು, ಒಟ್ಟು 1,46,097 ದಿನಗಳು. ಅದನ್ನು ಏಳರಿಂದ ಭಾಗಿಸಿದರೆ 20,871, ಶೇಷ ಸೊನ್ನೆ! ಆದ್ದರಿಂದ ನಾನೂರು ವರ್ಷಕ್ಕೊಮ್ಮೆ ಕ್ಯಾಲೆಂಡರು ಅಕ್ಷರಶಃ ಮರುಕಳಿಸುತ್ತದೆ. ಇದರ ಪರಿಣಾಮವಾಗಿ ಹೊಸ ಶತಮಾನದ ಮೊದಲ ದಿನ, ಅಂದರೆ 1901, 2001, 2101ರಂಥ ವರ್ಷಗಳ ಜನವರಿ 1, ಎಂದಿಗೂ ಭಾನುವಾರ, ಬುಧವಾರ ಅಥವಾ ಶುಕ್ರವಾರ ಬರುವುದಿಲ್ಲ. ಇದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ. ನನಗೆ ಮಾತ್ರ ಒಂದು ವಾರ ನಿದ್ದೆ ಬರಲಿಲ್ಲ.

ಗಡಿಯಾರ ರಿಪೇರಿ

ನನಗೆ ನಿವೃತ್ತಿಯೆಂಬುದೇ ಇಲ್ಲ. ಕೈ ನಡುಗುವವರೆಗೆ ಕೆಲಸ. ಹಿರಿಯರು ವಾರ, ವರ್ಷ ಎಂದು ದೊಡ್ಡದಾಗಿ ಮಾತನಾಡುತ್ತಿದ್ದೀರಿ, ನಾನು ಸೆಕೆಂಡಿನ ಕಡೆಯವನು.

ಕ್ವಾರ್ಟ್ಸ್ ಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯೇ ಏಕೆಂದರೆ, ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವುದು ಇದೇ. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಮುಳ್ಳು ಬಲಕ್ಕೆ ತಿರುಗುವುದಕ್ಕೂ ಕಾರಣವಿದೆ: ಗಡಿಯಾರ ಹುಟ್ಟಿದ ಉತ್ತರಾರ್ಧಗೋಳದಲ್ಲಿ ನೆರಳುಗಡಿಯಾರದ ನೆರಳು ಹಾಗೆ ಸರಿಯುತ್ತಿತ್ತು. ದಕ್ಷಿಣಾರ್ಧಗೋಳದಲ್ಲಿ ನೆರಳು ಎಡಕ್ಕೆ ಸರಿಯುತ್ತದೆ. ಬೊಲಿವಿಯಾದವರು 2014ರಲ್ಲಿ ತಮ್ಮ ಸಂಸತ್ ಭವನದ ಗಡಿಯಾರವನ್ನು ಎಡಕ್ಕೆ ತಿರುಗುವಂತೆ ಮಾಡಿದ್ದು ಇದೇ ವಾದದ ಮೇಲೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ ಹೈಗೆನ್ಸ್ ಅವರದು. ಲೋಲಕದ ಗಡಿಯಾರವನ್ನು 1656ರಲ್ಲಿ ರೂಪಿಸಿದವರು ಅವರೇ. 1665ರಲ್ಲಿ ಕಾಯಿಲೆಯಾಗಿ ಕೋಣೆ ಬಿಟ್ಟು ಹೊರಡಲಾಗದೆ, ಒಂದೇ ತೊಲೆಗೆ ತೂಗುಹಾಕಿದ ಎರಡು ಗಡಿಯಾರಗಳನ್ನು ನೋಡುತ್ತಿದ್ದರು. ಒಂದರ ಲೋಲಕ ಎಡಕ್ಕೆ ಹೋದಾಗ ಇನ್ನೊಂದರದು ಬಲಕ್ಕೆ, ಕೂದಲೆಳೆಯಷ್ಟೂ ತಪ್ಪದೆ. ಕೈಯಿಂದ ತಾಳ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಜೋಡಿಯಾಗುತ್ತಿದ್ದವು. ತೊಲೆಯ ಮೂಲಕ ಹಾಯುವ ಅತಿ ಸಣ್ಣ ಅಲುಗಾಟವೇ ಅದಕ್ಕೆ ಕಾರಣ. ಎರಡು ಗಡಿಯಾರಗಳನ್ನು ಹಾಗೆ ಸುಮ್ಮನೆ ನೋಡುತ್ತ ಕೂರಲು ಆರೋಗ್ಯವಂತನಿಗೆ ಪುರುಸೊತ್ತೆಲ್ಲಿ?

ಕನ್ನಡ ಪಂಡಿತ

ರಿಪೇರಿಯವರ ಕಥೆ ಬಹಳ ಹಿಡಿಸಿತು. ತಿಂಗಳುಗಳ ಬಗ್ಗೆಯೂ ಒಂದು ಮಾತು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂಬ ಹೆಸರುಗಳನ್ನು ಸಪ್ತ, ಅಷ್ಟ, ನವ, ದಶ ಎಂಬುವುಗಳ ಪಕ್ಕದಲ್ಲಿಟ್ಟು ಜೋರಾಗಿ ಹೇಳಿ ನೋಡಿ. ಲ್ಯಾಟಿನ್ ಮತ್ತು ಸಂಸ್ಕೃತಗಳ ನಂಟು ಕಿವಿಗೇ ಕೇಳಿಸುತ್ತದೆ. ರೋಮನರ ಹಳೆಯ ವರ್ಷ ಮಾರ್ಚಿನಿಂದ ಆರಂಭವಾಗುತ್ತಿದ್ದುದರಿಂದ ಇವು ಏಳು, ಎಂಟು, ಒಂಬತ್ತು, ಹತ್ತನೆಯ ತಿಂಗಳುಗಳಾಗಿದ್ದವು. ಆಮೇಲೆ ವರ್ಷದ ಆರಂಭ ಜನವರಿಗೆ ಸರಿಯಿತು. ಹೆಸರುಗಳು ಹಿಂದೆಯೇ ಉಳಿದವು. ಹಾಗೆಯೇ ಆಗಸ್ಟಸ್ ಚಕ್ರವರ್ತಿ ತನ್ನ ತಿಂಗಳು ಜುಲೈಗಿಂತ ಚಿಕ್ಕದಾಗಿರಬಾರದೆಂದು ಫೆಬ್ರವರಿಯಿಂದ ಒಂದು ದಿನ ಕಿತ್ತುಕೊಂಡನೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದೆ.

ಸಂಶಯಾತ್ಮ

ಪಂಡಿತರು ಕ್ಷಮಿಸಬೇಕು, ಕೊನೆಯ ವಾಕ್ಯವನ್ನು ಅಳಿಸಬೇಕಾಗುತ್ತದೆ. ಆಗಸ್ಟ್ ಎಂಬ ಹೆಸರು ಬರುವುದಕ್ಕೆ ಮೊದಲೇ, ಜೂಲಿಯಸ್ ಸೀಸರನ ಪಂಚಾಂಗ ಸುಧಾರಣೆಯಲ್ಲಿಯೇ, ಆ ತಿಂಗಳಿಗೆ 31 ದಿನಗಳಿದ್ದವು. ಫೆಬ್ರವರಿಗೆ ಅದಕ್ಕೂ ಹಿಂದಿನಿಂದ 28. ಕಿತ್ತುಕೊಂಡ ಕಥೆ ಹದಿಮೂರನೆಯ ಶತಮಾನದ ಸಾಕ್ರೊಬಾಸ್ಕೊ ಎಂಬ ವಿದ್ವಾಂಸನ ಊಹೆ.

ನಿವೃತ್ತಿಯ ಬಗ್ಗೆಯೂ ಇಂಥದೇ ಒಂದು ಕಥೆ ಓಡಾಡುತ್ತಿದೆ. ಜರ್ಮನಿಯ ಬಿಸ್ಮಾರ್ಕ್ ತನಗೆ 65 ವರ್ಷವಾಗಿದ್ದುದರಿಂದ ಪಿಂಚಣಿಯ ವಯಸ್ಸನ್ನು 65 ಎಂದು ಇಟ್ಟನಂತೆ. 1889ರ ಆ ಕಾನೂನಿನಲ್ಲಿದ್ದ ವಯಸ್ಸು 70. ಆಗ ಬಿಸ್ಮಾರ್ಕನಿಗೆ 74. ಅದು 65ಕ್ಕೆ ಇಳಿದದ್ದು 1916ರಲ್ಲಿ, ಆತ ತೀರಿಕೊಂಡು ಹದಿನೆಂಟು ವರ್ಷಗಳಾದ ಮೇಲೆ.

ಕನ್ನಡ ಪಂಡಿತ

ನನ್ನ ಪಾಠ ಕೇಳಿದ ಮಕ್ಕಳನ್ನೆಲ್ಲ ಈಗ ಎಲ್ಲಿ ಹುಡುಕಲಿ?

ಭೌತಶಾಸ್ತ್ರದ ಮೇಷ್ಟ್ರು

ಸೆಕೆಂಡಿನ ಮಾತು ಬಂದದ್ದರಿಂದ ಲೆಕ್ಕಿಗರಿಗೆ ಸೇರಬೇಕಾದ ಒಂದು ಬಾಕಿಯನ್ನು ಪ್ರಸ್ತಾಪಿಸುತ್ತೇನೆ. ಚಂದ್ರನ ಸೆಳೆತದಿಂದ ಏಳುವ ಭರತ ಇಳಿತಗಳು ಭೂಮಿಯ ತಿರುಗುವಿಕೆಗೆ ತಡೆಯೊಡ್ಡುತ್ತವೆ. ದಿನದ ಉದ್ದ ಶತಮಾನಕ್ಕೆ ಸರಾಸರಿ ಎರಡು ಮಿಲಿಸೆಕೆಂಡಿಗಿಂತ ಸ್ವಲ್ಪ ಕಡಿಮೆ ಹೆಚ್ಚುತ್ತದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿ ಇಟ್ಟುಬಂದ ಪ್ರತಿಫಲಕಕ್ಕೆ ಲೇಸರ್ ಕಿರಣ ಹಾಯಿಸಿ ಇದನ್ನು ಅಳೆಯುತ್ತಾರೆ. ಮರದ ಬಳೆಗಳಂತೆ ಹವಳದ ಮೇಲೂ ದಿನದಿನದ ಬೆಳವಣಿಗೆಯ ಗೆರೆಗಳಿರುತ್ತವೆ. 1963ರಲ್ಲಿ ಜಾನ್ ವೆಲ್ಸ್ ಎಂಬ ವಿಜ್ಞಾನಿ ಸುಮಾರು 38 ಕೋಟಿ ವರ್ಷ ಹಳೆಯ ಹವಳದ ಪಳೆಯುಳಿಕೆಗಳಲ್ಲಿ ಆ ಗೆರೆಗಳನ್ನು ಎಣಿಸಿದಾಗ ವರ್ಷಕ್ಕೆ ಸುಮಾರು 400 ಬಂದವು. ಅಂದಿನ ದಿನಕ್ಕೆ ಹೆಚ್ಚುಕಡಿಮೆ 22 ಗಂಟೆ.

ಭೂಮಿಯೊಡನೆ ಹೆಜ್ಜೆ ತಪ್ಪದಿರಲೆಂದು 1972ರಿಂದ ಜಗತ್ತಿನ ಗಡಿಯಾರಗಳಿಗೆ ಆಗಾಗ ಒಂದು ಅಧಿಕ ಸೆಕೆಂಡನ್ನು ಸೇರಿಸುತ್ತ ಬಂದರು. ಈವರೆಗೆ ಸೇರಿಸಿದ್ದು 27. ಕೊನೆಯದು 2016ರ ಡಿಸೆಂಬರ್ 31ರಂದು. 2035ರೊಳಗೆ ಈ ಪದ್ಧತಿಯನ್ನೇ ಕೈಬಿಡುವುದೆಂದು 2022ರಲ್ಲಿ ತೀರ್ಮಾನವಾಗಿದೆ. ಆ 27ರಲ್ಲಿ 15 ಸೆಕೆಂಡುಗಳು ಲೆಕ್ಕಿಗರ ಸೇವಾವಧಿಯೊಳಗೆ ಬಿದ್ದಿವೆ.

ನಿವೃತ್ತ ಲೆಕ್ಕಿಗ

ಹದಿನೈದು ಸೆಕೆಂಡುಗಳ ಹೆಚ್ಚುವರಿ ದುಡಿಮೆ, ಅದೂ ಯಾವ ಭತ್ಯೆಯೂ ಇಲ್ಲದೆ! ಅರ್ಜಿ ಬರೆಯಲು ಕುಳಿತೆನಾದರೂ ಯಾವ ಶೀರ್ಷಿಕೆಯಡಿ ತೋರಿಸಬೇಕೆಂದು ತಿಳಿಯದೆ ಕೈಬಿಟ್ಟೆ.

ಒಂದು ವಿಷಯವನ್ನು ಯಾರಾದರೂ ಬಿಡಿಸಿ ಹೇಳಬೇಕು. ನಿವೃತ್ತಿಯ ಮೇಲೆ ಮಧ್ಯಾಹ್ನಗಳು ಸಾಗುವುದೇ ಇಲ್ಲ. ಆದರೆ ವರ್ಷಗಳು ಮಾತ್ರ ಓಡಿಹೋಗುತ್ತಿವೆ. ಮಧ್ಯಾಹ್ನಗಳನ್ನು ಕೂಡಿಸಿದರೆ ವರ್ಷವಾಗಬೇಕಲ್ಲವೇ? ಬಿಡಿಬಿಡಿಯಾಗಿ ಉದ್ದವಾಗಿರುವುದು ಒಟ್ಟು ಮೊತ್ತದಲ್ಲಿ ಚಿಕ್ಕದಾಗುವ ಇಂಥ ಲೆಕ್ಕವನ್ನು ನಾನು ಯಾವ ಕಡತದಲ್ಲೂ ಕಂಡಿಲ್ಲ.

ಭೌತಶಾಸ್ತ್ರದ ಮೇಷ್ಟ್ರು

ಪಾಲ್ ಜನೆ ಎಂಬ ಫ್ರೆಂಚ್ ತತ್ವಜ್ಞಾನಿ 1877ರಲ್ಲಿ ಕೊಟ್ಟ ವಿವರಣೆ ಪ್ರಸಿದ್ಧವಾಗಿದೆ: ಹತ್ತು ವರ್ಷದ ಹುಡುಗನಿಗೆ ಒಂದು ವರ್ಷವೆಂದರೆ ಬದುಕಿನ ಹತ್ತನೆಯ ಒಂದು ಪಾಲು, ಅರವತ್ತರವನಿಗೆ ಅರವತ್ತನೆಯ ಒಂದು ಪಾಲು. ಕೇಳಲು ಅಂದವಾಗಿದೆಯಾದರೂ ನಿಮ್ಮ ಮಧ್ಯಾಹ್ನಕ್ಕೆ ಅದರಲ್ಲಿ ಉತ್ತರವಿಲ್ಲ. ಈ ಸೂತ್ರದ ಪ್ರಕಾರ ಮಧ್ಯಾಹ್ನವೂ ಚಿಕ್ಕದಾಗಬೇಕಿತ್ತು.

ರಾತ್ರಿ ಪಾಳಿ

ಮೇಷ್ಟ್ರ ಆಕ್ಷೇಪ ಸರಿಯಾಗಿದೆ. ನನಗೆ ಮಿಶೆಲ್ ಸಿಫ್ರ್ ಅವರ ಅನುಭವ ಹೆಚ್ಚು ಒಪ್ಪಿಗೆಯಾಗುತ್ತದೆ. ಇಪ್ಪತ್ತಮೂರು ವರ್ಷದ ಈ ಫ್ರೆಂಚ್ ಭೂವಿಜ್ಞಾನಿ 1962ರ ಜುಲೈ 16ರಂದು ಆಲ್ಪ್ಸ್ ಪರ್ವತದ ಗುಹೆಯೊಂದಕ್ಕೆ ಗಡಿಯಾರವಿಲ್ಲದೆ ಇಳಿದರು. ಎದ್ದಾಗ, ಉಂಡಾಗ, ಮಲಗುವಾಗ ಮೇಲಿದ್ದವರಿಗೆ ಫೋನ್ ಮಾಡುತ್ತಿದ್ದರು. ಮೇಲಿನವರು ಹೊತ್ತನ್ನು ಹೇಳುವಂತಿರಲಿಲ್ಲ. ಸೆಪ್ಟೆಂಬರ್ 14ರಂದು ಅವಧಿ ಮುಗಿಯಿತೆಂದು ಹೇಳಿದಾಗ ಅವರು ಅದನ್ನು ಆಗಸ್ಟ್ 20 ಎಂದುಕೊಂಡಿದ್ದರು. ಅರವತ್ತು ದಿನ ಅವರ ಎಣಿಕೆಯಲ್ಲಿ ಮೂವತ್ತೈದಾಗಿತ್ತು. ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸಿ ಎಂದರೆ ಐದು ನಿಮಿಷ ತೆಗೆದುಕೊಳ್ಳುತ್ತಿದ್ದರು. ಆದರೆ ಅವರ ನಿದ್ದೆ ಎಚ್ಚರಗಳು ಸುಮಾರು ಇಪ್ಪತ್ನಾಲ್ಕೂವರೆ ಗಂಟೆಗೊಮ್ಮೆ ಮರುಕಳಿಸುತ್ತಿದ್ದವು. ದೇಹ ದಿನಗಳನ್ನು ಎಣಿಸುತ್ತಲೇ ಇತ್ತು, ಮನಸ್ಸು ಕೈಬಿಟ್ಟಿತ್ತು.

ರಾತ್ರಿ ಪಾಳಿಯಲ್ಲಿ ನಾನೂ ಇದನ್ನು ಕಂಡಿದ್ದೇನೆ. ಏನೂ ನಡೆಯದ ರಾತ್ರಿ, ಮೂರರಿಂದ ನಾಲ್ಕು ಗಂಟೆಯ ನಡುವೆ, ಗಡಿಯಾರ ನಿಂತಿದೆಯೇನೋ ಎಂದು ಎದ್ದು ಹೋಗಿ ನೋಡುತ್ತಿದ್ದೆ. ಬೆಳಗಾದ ಮೇಲೆ ಅಂಥ ಹತ್ತು ರಾತ್ರಿಗಳು ನೆನಪಿನಲ್ಲಿ ಒಂದೇ ರಾತ್ರಿಯಾಗುತ್ತಿದ್ದವು. ನಡೆಯುತ್ತಿರುವಾಗ ಹೊತ್ತನ್ನು ಅಳೆಯುವುದು ಬೇಸರ, ಕಳೆದ ಮೇಲೆ ಅಳೆಯುವುದು ನೆನಪು. ನೆನಪಿಗೆ ಒಂದೇ ಥರದ ದಿನಗಳ ನೂರು ಪ್ರತಿಗಳು ಬೇಕಿಲ್ಲ. ಒಂದನ್ನಿಟ್ಟುಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ.

ಗಡಿಯಾರ ರಿಪೇರಿ

ಸಿಸ್ಟರ್ ಹೇಳಿದ 120ರ ಪರೀಕ್ಷೆಯನ್ನು ಮಾಡಿದೆ. ಕಣ್ಣು ಮುಚ್ಚಿ ಎಣಿಸಿದಾಗ ಬಂದದ್ದು 119 ಸೆಕೆಂಡು. ಸುತ್ತಲೂ ಇಪ್ಪತ್ತು ಗಡಿಯಾರಗಳು ಟಿಕ್ಕೆನ್ನುತ್ತಿದ್ದವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ನಿವೃತ್ತ ಲೆಕ್ಕಿಗ

ನನ್ನದು 161. ಹೆಂಡತಿ ಗಡಿಯಾರ ಹಿಡಿದಿದ್ದಳು. ನಡುವೆ ಎರಡು ಸಲ ನಕ್ಕು ನನ್ನ ಲೆಕ್ಕ ತಪ್ಪಿಸಿದ್ದರಿಂದ ಫಲಿತಾಂಶವನ್ನು ಒಪ್ಪಲಾರೆ.

ಇನ್ನೊಂದು ಲೆಕ್ಕ ಮಾತ್ರ ನಿಖರವಾಗಿ ಬಂದಿದೆ. ನನ್ನ ಸೇವೆ ಒಟ್ಟು 13,880 ದಿನ, ಅಂದರೆ 1,982 ವಾರ ಮತ್ತು 6 ದಿನ. ಸೋಮವಾರ ಸೇರಿ ಶನಿವಾರ ಬಿಟ್ಟದ್ದರಿಂದ ಕೊನೆಯ ವಾರಕ್ಕೆ ಒಂದು ಭಾನುವಾರ ಕಡಿಮೆ ಬಿದ್ದಿದೆ.

ಸಂಶಯಾತ್ಮ

ಒಂದು ದಿನ ಕಡಿಮೆ ಬಿದ್ದ ಲೆಕ್ಕಿಗರಲ್ಲಿ ನೀವು ಮೊದಲಿಗರಲ್ಲ. ಮೆಗೆಲನ್ನನ ನೌಕಾಯಾತ್ರೆಯಲ್ಲಿದ್ದ ಪಿಗಫೆಟ್ಟ ಎಂಬಾತ ಒಂದು ದಿನವನ್ನೂ ಬಿಡದೆ ದಿನಚರಿ ಬರೆದಿದ್ದ. 1522ರ ಜುಲೈಯಲ್ಲಿ ಕೇಪ್ ವರ್ಡ್ ದ್ವೀಪಗಳಿಗೆ ಬಂದಾಗ ಆತನ ಎಣಿಕೆಯಲ್ಲಿ ಬುಧವಾರ. ದಡದ ಮೇಲಿದ್ದವರಿಗೆ ಗುರುವಾರ. ಪಶ್ಚಿಮಾಭಿಮುಖವಾಗಿ ಭೂಮಿಯನ್ನು ಸುತ್ತಿ ಬಂದವರಿಗೆ ಒಂದು ಸೂರ್ಯೋದಯ ಕಡಿಮೆಯಾಗುತ್ತದೆಂಬುದು ಆಮೇಲೆ ತಿಳಿಯಿತು. ಎಣಿಸಿದವನ ತಪ್ಪು ಏನೂ ಇರಲಿಲ್ಲ.

ದೂರದೂರಿನ ಮಗಳು

ಎಲ್ಲರಿಗೂ ವಂದನೆಗಳು. ಸಿಸ್ಟರ್ ಹೇಳಿದ ಯಾವ ಲಕ್ಷಣವೂ ಅಪ್ಪನಲ್ಲಿ ಇಲ್ಲ. ಲೆಕ್ಕಿಗರ ಉಪಾಯವನ್ನು ಫೋನಿನಲ್ಲಿ ಹೇಳಿಕೊಟ್ಟೆ. ಅಂದಿನಿಂದ ಅವರು ವಾರ ಕೇಳುವುದನ್ನು ಬಿಟ್ಟಿದ್ದಾರೆ. ಅದರ ಬದಲು ಇಡೀ ಬಂಧುಬಳಗದವರ ಹುಟ್ಟಿದ ವಾರವನ್ನು ಲೆಕ್ಕ ಹಾಕುತ್ತಿದ್ದಾರೆ. ಈಗ ಹೊಸ ಜಗಳ ಹುಟ್ಟಿದೆ. ನಾನು ಹುಟ್ಟಿದ್ದು ಶುಕ್ರವಾರವೆಂದು ಅಪ್ಪನ ಲೆಕ್ಕ. ಗುರುವಾರವೇ ಹೌದೆಂದು ಅಮ್ಮನ ಹಠ. ನಾನು ಹುಟ್ಟಿದಾಗ ಬೆಳಗಿನ ಜಾವ ಮೂರೂವರೆಯಂತೆ. ಲೆಕ್ಕಿಗರೇ, ಯಾರದು ಸರಿ?

ಭೌತಶಾಸ್ತ್ರದ ಮೇಷ್ಟ್ರು

ಲೆಕ್ಕಿಗರ ಪರವಾಗಿ ನಾನೇ ಹೇಳುತ್ತೇನೆ. ದಿನ ಎಲ್ಲಿಂದ ಆರಂಭವಾಗುತ್ತದೆಂಬುದರ ಮೇಲೆ ಉತ್ತರ ನಿಂತಿದೆ. ತಂದೆಯವರ ಕ್ಯಾಲೆಂಡರಿನಲ್ಲಿ ನಡುರಾತ್ರಿಗೆ ವಾರ ಬದಲಾಗುತ್ತದೆ. ತಾಯಿಯವರ ಪಂಚಾಂಗದಲ್ಲಿ ಸೂರ್ಯೋದಯಕ್ಕೆ. ಮೂರೂವರೆಗೆ ಸೂರ್ಯ ಹುಟ್ಟಿರಲಿಲ್ಲವಾದ್ದರಿಂದ ಅವರಿಗೆ ಅದು ಇನ್ನೂ ಗುರುವಾರವೇ. ಬ್ಯಾಬಿಲೋನಿಯನ್ನರು ಸೂರ್ಯಾಸ್ತದಿಂದ ದಿನವನ್ನು ಎಣಿಸುತ್ತಿದ್ದರು. ಖಗೋಳಶಾಸ್ತ್ರಜ್ಞರು 1924ರ ಕೊನೆಯವರೆಗೆ ನಡುಹಗಲಿನಿಂದ ಎಣಿಸುತ್ತಿದ್ದರು. ರಾತ್ರಿಯೆಲ್ಲ ಎದ್ದು ನಕ್ಷತ್ರ ನೋಡುವವರಿಗೆ ನಡುವೆ ತಾರೀಖು ಬದಲಾಗುವ ಕಿರಿಕಿರಿ ಬೇಡವೆಂದು. ಹಾಗಾಗಿ ಇಬ್ಬರದೂ ಸರಿ.

ದೂರದೂರಿನ ಮಗಳು

ಮೇಷ್ಟ್ರ ತೀರ್ಪನ್ನು ಇಬ್ಬರಿಗೂ ಓದಿ ಹೇಳಿದೆ. ಅಪ್ಪ ಒಪ್ಪಿದ್ದಾರೆ. ಅಮ್ಮ ಒಪ್ಪಿಲ್ಲ, ಇಬ್ಬರದೂ ಸರಿಯಾಗುವುದು ಹೇಗೆ, ಹೆತ್ತವಳು ತಾನಲ್ಲವೇ ಎಂದು ಕೇಳುತ್ತಿದ್ದಾರೆ.